ಶೇಕಡಾ ಐವತ್ತರ ಗೆರೆ

ಕಾಲೇಜು ಪ್ರವೇಶದ ಮೀಸಲಾತಿ ಅರ್ಧ ಮೀರಬಾರದು ಎಂಬ ವಾದ ನಾವೆಲ್ಲ ಕೇಳಿದ್ದೇ. ಅದರ ಬೇರು ಹಳೆಯ ಮೈಸೂರು ರಾಜ್ಯದ ಒಂದು ಆದೇಶದಲ್ಲಿದೆ. 1962ರ ಜುಲೈನಲ್ಲಿ ಸರ್ಕಾರ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಶೇ. 68 ಸೀಟುಗಳನ್ನು ಮೀಸಲಿಟ್ಟಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಎರಡೇ ತಿಂಗಳಲ್ಲಿ, ಬಾಲಾಜಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಯಲ್ಲ, ಬಡತನ, ಕಸುಬು, ವಾಸಸ್ಥಳವನ್ನೂ ನೋಡಬೇಕು ಎಂದಿತು. ಈ ಮಾತು ಒಪ್ಪುವಂಥದ್ದೇ. ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕೆಂದೂ ಹೇಳಿತು. ಅರ್ಧವೇ ಏಕೆ? ಸೀಟು ತಪ್ಪಿದವರ ನೋವು ಅರ್ಜಿಯಾಗಿ ದಿಲ್ಲಿ ಮುಟ್ಟಿತು; ಹೈಸ್ಕೂಲನ್ನೇ ಮುಟ್ಟದವರ ನೋವಿಗೆ ಅರ್ಜಿ ಬರೆಯುವವರೂ ಇರಲಿಲ್ಲ. ನ್ಯಾಯ ತೂಗುವಾಗ ಇಬ್ಬರೂ ಕಣ್ಣೆದುರಿಗಿರಬೇಕು.