ಬಾಗಲಕೋಟೆ ಸೀಮೆಯಲ್ಲಿ ಯಕೃತ್ತಿನ ಕ್ಯಾನ್ಸರ್ ಸಾವು: ಎಣಿಕೆ, ಪ್ರದೇಶಭೇದ, ಪ್ರವೃತ್ತಿ

ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿಯಲ್ಲಿ ಜನಸಂಖ್ಯೆಯನ್ನು ಆಧರಿಸಿದ 28 ನೋಂದಣಿಗಳ ಲೆಕ್ಕವಿದೆ. ಅವುಗಳಲ್ಲಿ ಕರ್ನಾಟಕದ್ದು ಒಂದೇ. ಅದು 1982ರಿಂದ ಕಿದ್ವಾಯಿ ಆಸ್ಪತ್ರೆ ನಡೆಸಿಕೊಂಡು ಬಂದಿರುವ ಬೆಂಗಳೂರು ನೋಂದಣಿ. ಹೀಗಾಗಿ ‘ಕರ್ನಾಟಕದ ಪ್ರಮಾಣ’ ಎಂದು ಸಲೀಸಾಗಿ ಬಳಸುವ ಅಂಕಿಯ ಬೆನ್ನಿಗೆ ಇರುವುದು ಬಹುಮಟ್ಟಿಗೆ ಒಂದು ಮಹಾನಗರದ ಅನುಭವ. ಬೇವೂರು, ಬಾದಾಮಿ, ಹುನಗುಂದ, ಇಳಕಲ್ಲಿನ ಸಾವುಗಳು ಅದರೊಳಗೆ ಬರುವುದಿಲ್ಲ. ಯಕೃತ್ತಿನ ಕ್ಯಾನ್ಸರಿನ ಮಟ್ಟಿಗೆ ಈ ಕೊರತೆ ಉಳಿದ ಕ್ಯಾನ್ಸರುಗಳಿಗಿಂತ ಹೆಚ್ಚು ತೊಡಕಿನದು. ಈ ರೋಗದ ಪ್ರದೇಶಭೇದವನ್ನು ಓದುವವರು ಮೊದಲು ಸಾವಿನ ಕಾರಣವನ್ನು ಯಾರು, ಎಲ್ಲಿ, ಹೇಗೆ ಬರೆದರು ಎಂಬುದನ್ನು ಓದಬೇಕು ಎಂಬುದು ಈ ಲೇಖನದ ವಾದ.

ಜಾಗತಿಕ ಚಿತ್ರ ಚಿಕ್ಕದಾಗಿ ಹೀಗಿದೆ. ಗ್ಲೋಬೋಕ್ಯಾನ್ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 9.06 ಲಕ್ಷ ಹೊಸ ರೋಗಿಗಳು, 8.30 ಲಕ್ಷ ಸಾವುಗಳು. ಭಾರತದಲ್ಲಿ ಸುಮಾರು 35 ಸಾವಿರ ರೋಗಿಗಳು, 34 ಸಾವಿರ ಸಾವುಗಳು. ರೋಗಿಗಳ ಸಂಖ್ಯೆಗೂ ಸಾವಿನ ಸಂಖ್ಯೆಗೂ ಹೆಚ್ಚು ಅಂತರವಿಲ್ಲದಿರುವುದೇ ಈ ಕ್ಯಾನ್ಸರಿನ ಗುರುತು. ಮಂಗೋಲಿಯಾದ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚು. ಭಾರತದೊಳಗೆ ಅರುಣಾಚಲ ಪ್ರದೇಶದ ಪಾಪುಂಪಾರೆ ಮುಂಚೂಣಿಯಲ್ಲಿದೆ. ಈ ನಕ್ಷೆಯ ಮುಂದೆ ಉತ್ತರ ಕರ್ನಾಟಕ ‘ಕಡಿಮೆ ಪ್ರಮಾಣದ ಪ್ರದೇಶ’ ಎನಿಸಿಕೊಳ್ಳುತ್ತದೆ. ಎನಿಸಿಕೊಳ್ಳುವುದು ಬೇರೆ, ಆಗಿರುವುದು ಬೇರೆ.

ಹಳ್ಳಿಯಲ್ಲಿ ಆದ ಒಂದು ಸಾವು ಅಂಕಿಯಾಗುವ ಬಗೆಯನ್ನು ಹತ್ತಿರದಿಂದ ನೋಡೋಣ. ಬೇವೂರಿನಂಥ ಊರಿನ ಐವತ್ತೈದರ ರೈತನೊಬ್ಬನಿಗೆ ಹೊಟ್ಟೆ ಬಾತು, ಕಣ್ಣು ಹಳದಿಯಾಗಿದೆ ಎಂದಿಟ್ಟುಕೊಳ್ಳಿ. ಮೊದಲು ಕಾಮಣಿ ಔಷಧ ಕೊಡುವವರ ಬಳಿಗೆ ಹೋಗುತ್ತಾನೆ. ಅಲ್ಲಿಂದ ಬಾಗಲಕೋಟೆ, ಕೈಯಲ್ಲಿ ದುಡ್ಡಿದ್ದರೆ ಹುಬ್ಬಳ್ಳಿ, ಬೆಳಗಾವಿ ಅಥವಾ ಮೀರಜ್. ವೈದ್ಯರು ಕೈಚೆಲ್ಲಿದ ಮೇಲೆ ಮನೆಗೆ ಕರೆತರುತ್ತಾರೆ. ಮನೆಯಲ್ಲೇ ಜೀವ ಹೋಗುತ್ತದೆ. ಮರಣ ವರದಿಯ ನಮೂನೆ 2ರಲ್ಲಿ ಕಾಯಿಲೆಯ ಹೆಸರು ಕೇಳುವ ಒಂದು ಅಂಕಣವಿದೆ, ಅದನ್ನು ವೈದ್ಯರು ದೃಢಪಡಿಸಿದ್ದಾರೆಯೇ ಎಂದು ಕೇಳುವ ಇನ್ನೊಂದಿದೆ. ಮನೆಯವರು ‘ಕಾಮಣಿ ಆಗಿ ಹೋದ್ರು’ ಅನ್ನುತ್ತಾರೆ, ‘ಲಿವರ್ ಕೆಟ್ಟಿತ್ತು’ ಅನ್ನುತ್ತಾರೆ. ಸುಳ್ಳೇನೂ ಅಲ್ಲ. ಆದರೆ ಅದು ಸಿರೋಸಿಸ್ಸೋ, ಕ್ಯಾನ್ಸರೋ, ಸಿರೋಸಿಸ್ಸಿನ ಮೇಲೆ ಬೆಳೆದ ಕ್ಯಾನ್ಸರೋ ಎಂಬುದು ಅದರಿಂದ ತಿಳಿಯುವುದಿಲ್ಲ. ಅದೇ ನಮೂನೆ ಬೀಡಿ, ತಂಬಾಕು, ಅಡಿಕೆ, ಮದ್ಯದ ಚಟ ಎಷ್ಟು ವರ್ಷದ್ದು ಎಂದೂ ಕೇಳುತ್ತದೆ. ಸಂಶೋಧಕರಿಗೆ ಇದು ಬಂಗಾರದಂಥ ಮಾಹಿತಿ. ಸತ್ತವನ ಕುಡಿತದ ವರ್ಷಗಳನ್ನು ಸೂತಕದ ಮನೆಯಲ್ಲಿ ಯಾರು ಎಣಿಸಿ ಹೇಳುತ್ತಾರೆ ಎಂಬುದು ಬೇರೆ ಮಾತು.

ಆಸ್ಪತ್ರೆಯಲ್ಲೇ ಸತ್ತರೆ ವೈದ್ಯರು ನಮೂನೆ 4 ಬರೆಯುತ್ತಾರೆ. ಮನೆಯಲ್ಲಿ ವೈದ್ಯರ ಆರೈಕೆಯಲ್ಲಿ ಸತ್ತರೆ 4ಎ. ಅದರಲ್ಲಿ ತಕ್ಷಣದ ಕಾರಣ, ಅದರ ಹಿಂದಿನದು, ಎಲ್ಲಕ್ಕೂ ಮೂಲವಾದದ್ದು ಹೀಗೆ ಸಾಲುಗಳಿವೆ. ಅಂಕಿಅಂಶಕ್ಕೆ ಬೇಕಾದದ್ದು ಕೊನೆಯ ಸಾಲು. ಅವಸರದಲ್ಲಿ ಮೊದಲ ಸಾಲಿಗೆ ‘ಹೃದಯ, ಉಸಿರಾಟ ಸ್ತಬ್ಧ’ ಎಂದು ಬರೆದು ಕೆಳಗಿನದನ್ನು ಖಾಲಿ ಬಿಟ್ಟರೆ ಆ ಸಾವು ಯಕೃತ್ತಿನ ಲೆಕ್ಕಕ್ಕೆ ಬರುವುದೇ ಇಲ್ಲ. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯಕೀಯವಾಗಿ ಕಾರಣ ದೃಢಪಟ್ಟವು ಶೇ. 22.5 ಮಾತ್ರ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ ಈ ಪ್ರಮಾಣಪತ್ರದ ಹೊಣೆಯನ್ನು ಬಿಗಿಗೊಳಿಸಿದೆ. ಇದರ ಫಲವಾಗಿ ಮುಂದಿನ ಕೆಲವು ವರ್ಷ ‘ಯಕೃತ್ತಿನ ಕ್ಯಾನ್ಸರ್ ಸಾವು ಏರುತ್ತಿದೆ’ ಎಂಬ ಸುದ್ದಿ ಬಂದರೆ, ಏರಿದ್ದು ರೋಗವೋ ಬರವಣಿಗೆಯೋ ಎಂದು ಕೇಳಿಯೇ ನಂಬಬೇಕು.

ತಪ್ಪು ಎರಡೂ ಕಡೆಗೆ ವಾಲುತ್ತದೆ. ಸಿರೋಸಿಸ್ ಇದ್ದವನು ರಕ್ತ ಕಾರಿ ಸತ್ತರೆ ಒಳಗೆ ಗಡ್ಡೆ ಇತ್ತೇ ಎಂದು ಯಾರೂ ಸ್ಕ್ಯಾನ್ ಮಾಡಿಸುವುದಿಲ್ಲ. ಸಾವು ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಸಿರೋಸಿಸ್ಸಿಗಿರುವ ಕೆ74 ಎಂಬ ಸಂಕೇತಕ್ಕೆ ಹೋಗುತ್ತದೆ, ಯಕೃತ್ತಿನ ಕ್ಯಾನ್ಸರಿನ ಸಂಕೇತವಾದ ಸಿ22ಕ್ಕೆ ಹೋಗುವುದಿಲ್ಲ. ಇದರಿಂದ ಎಣಿಕೆ ತಗ್ಗುತ್ತದೆ. ಇನ್ನೊಂದು ಕಡೆ, ಜಠರ, ಕರುಳು, ಪಿತ್ತಕೋಶದ ಕ್ಯಾನ್ಸರುಗಳು ಯಕೃತ್ತಿಗೆ ಹಬ್ಬುತ್ತವೆ. ‘ಲಿವರಿನಾಗ ಗಂಟ ಐತಿ’ ಎಂಬಷ್ಟೇ ಮಾತು ಉಳಿದು ಅದೇ ಬರಹಕ್ಕಿಳಿದರೆ, ಯಕೃತ್ತಿಗೆ ಹಬ್ಬಿದ ಕ್ಯಾನ್ಸರಿನ ಸಂಕೇತವಾದ ಸಿ78.7 ಆಗಬೇಕಾದದ್ದು ಸಿ22 ಆಗುತ್ತದೆ, ಎಣಿಕೆ ಉಬ್ಬುತ್ತದೆ. ಇವೆರಡೂ ಸರಿಸಮವಾಗಿ ವಜಾ ಆಗುತ್ತವೆ ಎಂದು ಭಾವಿಸಲು ಕಾರಣವಿಲ್ಲ. ಸಿಟಿ ಸ್ಕ್ಯಾನು ದೂರವಿರುವ ತಾಲ್ಲೂಕುಗಳಲ್ಲಿ ತಗ್ಗುವ ತಪ್ಪೇ ಹೆಚ್ಚು ಎಂಬುದು ನನ್ನ ಅಂದಾಜು.

ಇದಕ್ಕೆ ಇನ್ನೊಂದು ಮಡಿಕೆ ಇದೆ. ಕಾಯ್ದೆಯ ಪ್ರಕಾರ ಸಾವು ನೋಂದಣಿಯಾಗುವುದು ಅದು ಘಟಿಸಿದ ಜಾಗದಲ್ಲಿ. ಇಳಕಲ್ಲಿನ ನೇಕಾರ ಹುಬ್ಬಳ್ಳಿಯಲ್ಲಿ ಸತ್ತರೆ ಅದು ಹುಬ್ಬಳ್ಳಿಯ ದಾಖಲೆ, ಗೋವಾಕ್ಕೆ ದುಡಿಯಲು ಹೋದ ಹುನಗುಂದದವನು ಅಲ್ಲೇ ಸತ್ತರೆ ಅದು ಗೋವಾದ್ದು, ಮೀರಜದಲ್ಲಾದರೆ ಮಹಾರಾಷ್ಟ್ರದ್ದು. ದೊಡ್ಡ ಆಸ್ಪತ್ರೆಗಳಿರುವ ಊರುಗಳ ಪ್ರಮಾಣ ಇದರಿಂದ ಉಬ್ಬುತ್ತದೆ, ರೋಗಿಗಳನ್ನು ಕಳಿಸಿಕೊಡುವ ಜಿಲ್ಲೆಗಳದ್ದು ಕುಗ್ಗುತ್ತದೆ. ಕ್ಯಾನ್ಸರ್ ನೋಂದಣಿಗಳು ವಾಸದ ಊರನ್ನು ಕೇಳಿ ಈ ದೋಷವನ್ನು ತಿದ್ದುತ್ತವೆ. ಮರಣದ ಕಚ್ಚಾ ಅಂಕಿಗಳಿಗೆ ಆ ತಿದ್ದುಪಡಿ ತಾನಾಗಿ ಬರುವುದಿಲ್ಲ. ವರದಿಯಲ್ಲಿ ಮೃತರ ವಾಸದ ವಿಳಾಸಕ್ಕೆ ಜಾಗವಿದ್ದೇ ಇದೆ. ಅದರಂತೆ ಮತ್ತೆ ವಿಂಗಡಿಸಿದ ಹೊರತು ಜಿಲ್ಲೆ ಜಿಲ್ಲೆಗಳ ಹೋಲಿಕೆಗೆ ಅರ್ಥವಿಲ್ಲ.

ಹಾಗಾದರೆ ಹಳ್ಳಿಯ ಸ್ಥಿತಿಗೆ ಆಧಾರವೇ ಇಲ್ಲವೇ? ಎರಡಿವೆ. ಮೊದಲನೆಯದು ‘ಹತ್ತು ಲಕ್ಷ ಸಾವುಗಳ ಅಧ್ಯಯನ’. ಮಾದರಿ ನೋಂದಣಿ ವ್ಯವಸ್ಥೆಯ ಮನೆಗಳಿಗೆ ಹೋಗಿ, ಸತ್ತವರ ಕೊನೆಯ ದಿನಗಳನ್ನು ಮನೆಯವರಿಂದಲೇ ಕೇಳಿ ಬರೆದುಕೊಂಡು, ಇಬ್ಬರು ವೈದ್ಯರಿಂದ ಬೇರೆಬೇರೆಯಾಗಿ ಕಾರಣ ನಿರ್ಧರಿಸುವ ವಿಧಾನ ಅದು. 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅದರ ಕ್ಯಾನ್ಸರ್ ಫಲಿತಾಂಶದಲ್ಲಿ ವಯೋಹೊಂದಾಣಿಕೆ ಮಾಡಿದ ಕ್ಯಾನ್ಸರ್ ಮರಣಪ್ರಮಾಣ ಗಂಡಸರಲ್ಲಿ ಹಳ್ಳಿಗೆ ಲಕ್ಷಕ್ಕೆ 95.6, ಪಟ್ಟಣಕ್ಕೆ 102.4, ಹೆಂಗಸರಲ್ಲಿ ಹಳ್ಳಿಗೆ 96.6, ಪಟ್ಟಣಕ್ಕೆ 91.2. ಕ್ಯಾನ್ಸರು ಪಟ್ಟಣದ ರೋಗ ಎಂಬ ನಂಬಿಕೆಗೆ ಇಲ್ಲಿ ಬುಡವೇ ಇಲ್ಲ. ಎರಡನೆಯದು ಬಾರ್ಶಿ. ಸೊಲ್ಲಾಪುರ ಜಿಲ್ಲೆಯ ಈ ಊರಿನಲ್ಲಿ 1987ರಲ್ಲಿ ಶುರುವಾದದ್ದು ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ. ಎರೆಭೂಮಿ, ಬಿಳಿಜೋಳ, ಕೈಕೊಡುವ ಮಳೆ ಎಲ್ಲದರಲ್ಲೂ ಬಾಗಲಕೋಟೆಗೆ ಬೆಂಗಳೂರಿಗಿಂತ ಬಾರ್ಶಿಯೇ ಹತ್ತಿರದ ಬಂಧು. ಅಲ್ಲಿ ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯಲಿಲ್ಲ. ಸಿಬ್ಬಂದಿಯೇ ಹಳ್ಳಿ ಹಳ್ಳಿ ತಿರುಗಿ, ಜನರೊಂದಿಗೆ ಮಾತಾಡಿ ಪತ್ತೆ ಹಚ್ಚಿದರು. ಹಾಗೆ ಹುಡುಕಿದ ಮೇಲೂ ಒಟ್ಟು ಕ್ಯಾನ್ಸರ್ ಪ್ರಮಾಣ ಮುಂಬಯಿಯ ಸುಮಾರು ಅರ್ಧಕ್ಕೇ ನಿಂತಿತು. ಹಳ್ಳಿಯ ಪ್ರಮಾಣ ಕಡಿಮೆ ಕಾಣುವುದರಲ್ಲಿ ಎಣಿಕೆಯ ಕೊರತೆಯೂ ಇದೆ, ನಿಜವಾದ ಕಡಿಮೆಯೂ ಇದೆ ಎಂದು ಈ ಎರಡನ್ನೂ ಒಟ್ಟಿಗಿಟ್ಟು ಓದಿದರೆ ತೋರುತ್ತದೆ.

ಸಣ್ಣ ಸಂಖ್ಯೆಗಳ ಗಣಿತವನ್ನು ಇಲ್ಲಿ ಬಿಡಿಸಿಯೇ ಹೇಳಬೇಕು. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 18,89,752. ಮೇಲಿನ ರಾಷ್ಟ್ರೀಯ ಅಂದಾಜಿನಂತೆ ವರ್ಷಕ್ಕೆ ಲಕ್ಷಕ್ಕೆ ಸುಮಾರು 2.5 ಸಾವು ಎಂದು ಹಿಡಿದರೆ ಇಡೀ ಜಿಲ್ಲೆಗೆ ಆಗುವುದು 47. ಬರಿಯ ಆಕಸ್ಮಿಕದಿಂದಲೇ ಅದು ಒಂದು ವರ್ಷ 34, ಇನ್ನೊಂದು ವರ್ಷ 60 ಆಗಬಹುದು. ಅದನ್ನು ತಾಲ್ಲೂಕುಗಳಿಗೆ ಹಂಚಿ, ‘ಬಾದಾಮಿಯಲ್ಲಿ ಇಳಿಕೆ, ಹುನಗುಂದದಲ್ಲಿ ಏರಿಕೆ’ ಎಂದು ಒಂದೇ ವರ್ಷದ ಅಂಕಿಯಿಂದ ಬರೆಯುವುದು ಶಾಸ್ತ್ರವಲ್ಲ. ಹತ್ತು ಸಾವಿರ ಜನರ ಹಳ್ಳಿಯಲ್ಲಿ ಇಂಥ ಸಾವು ನಾಲ್ಕು ವರ್ಷಕ್ಕೊಂದು. ನಾಲ್ಕು ವರ್ಷದಲ್ಲಿ ಮೂರೋ ಹೆಚ್ಚೋ ಆಗುವ ಸಂಭವ ಶೇ. 8. ಅಂದರೆ ಅಂಥ ನೂರು ಹಳ್ಳಿಗಳಲ್ಲಿ ಎಂಟರಲ್ಲಿ, ಯಾವ ವಿಶೇಷ ಕಾರಣವೂ ಇಲ್ಲದೆ, ‘ನಮ್ಮೂರಾಗ ಮೂರು ಮಂದಿ ಹೋದ್ರು, ನೀರಾಗ ಏನೋ ಐತಿ’ ಎಂಬ ಮಾತು ಹುಟ್ಟುತ್ತದೆ. ಜನರ ಅನುಮಾನವನ್ನು ಹಗುರಾಗಿ ತಳ್ಳಿಹಾಕಬೇಕೆಂದಲ್ಲ. ಐದು ವರ್ಷದ ಸಾವುಗಳನ್ನು ಕೂಡಿಸಿ, ವಯಸ್ಸಿನ ಹಂಚಿಕೆ ಸರಿಹೊಂದಿಸಿ ನೋಡುವ ತನಕ ಉತ್ತರ ಕೊಡಲಾಗದು. 2021ರಲ್ಲಿ ಜನಗಣತಿ ನಡೆಯದ್ದರಿಂದ ಈ ಭಾಗಾಕಾರದ ಛೇದವೂ ಹಳೆಯದೇ.

ಎಣಿಕೆಯ ಮಂಜು ಸರಿಸಿದ ಮೇಲೂ ಉಳಿಯುವ ಪ್ರದೇಶಭೇದಕ್ಕೆ ಕಾರಣಗಳು ಗೊತ್ತಿವೆ. ದೊಡ್ಡದು ಹೆಪಟೈಟಿಸ್ ಬಿ. ತೈವಾನಿನ 22,707 ಸರ್ಕಾರಿ ನೌಕರರನ್ನು ಅನುಸರಿಸಿದ ಬೀಸ್ಲಿಯವರ 1981ರ ಅಧ್ಯಯನದಲ್ಲಿ, ವೈರಸ್ ಹೊತ್ತವರ ಅಪಾಯ ಹೊರದವರಿಗಿಂತ 223 ಪಟ್ಟು ಎಂದು ಕಂಡಿತು. ಹುಟ್ಟುವಾಗ ತಾಯಿಯಿಂದ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಸೋಂಕು ಜೀವಮಾನವಿಡೀ ಉಳಿಯುತ್ತದೆ; ದೊಡ್ಡವರಾದ ಮೇಲೆ ತಗುಲಿದರೆ ಉಳಿಯುವುದು ಶೇ. 5ಕ್ಕಿಂತ ಕಡಿಮೆ. ಪೂರ್ವ ಏಷ್ಯಾದ ಪ್ರಮಾಣ ಅಷ್ಟು ಎತ್ತರಕ್ಕೇರಿದ್ದರ ಹಿಂದಿನ ದೊಡ್ಡ ಕಾರಣ ಇದು. ಸೂಜಿಯ ದಾರಿಯೂ ಇದೆ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹರಡಿದ್ದು ದಾಖಲಾಗಿದೆ. ನಮ್ಮ ಹಳ್ಳಿಗಳಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಳ್ಳದೆ ಡಾಕ್ಟರ ಮನೆಯಿಂದ ಎದ್ದು ಬಂದರೆ ಔಷಧ ಮಾಡಿಸಿದಂತೆಯೇ ಅಲ್ಲ. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಚ್ಚೆ ಹಾಕಿಸಿಕೊಂಡ ತಲೆಮಾರು ಇನ್ನೂ ಬದುಕಿದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ ದೇಶದಲ್ಲಿ 2.98 ಕೋಟಿ ಜನ ಹೆಪಟೈಟಿಸ್ ಬಿ, 55 ಲಕ್ಷ ಜನ ಹೆಪಟೈಟಿಸ್ ಸಿ ಹೊತ್ತಿದ್ದಾರೆ.

ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಎರಡನೆಯದು. ಹೆಪಟೈಟಿಸ್ ಬಿ ಜೊತೆಗೂಡಿದರೆ ಅಪಾಯ ಹತ್ತಾರು ಪಟ್ಟು ಬೆಳೆಯುತ್ತದೆ ಎಂದು ಶಾಂಘೈ ಅಧ್ಯಯನ 1992ರಲ್ಲಿ ತೋರಿಸಿತು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದು 106 ಜನ ಸತ್ತರು. ನಮ್ಮ ಸೀಮೆಯಲ್ಲಿ ನೋಡಬೇಕಾದದ್ದು ಶೇಂಗಾ ಮತ್ತು ಗೋವಿನಜೋಳ. ಹಿಂಗಾರಿ ಬಿಳಿಜೋಳ ಒಣಹವೆಯಲ್ಲಿ ರಾಶಿಯಾಗುವುದರಿಂದ ಅದಕ್ಕೆ ಬೂಷ್ಟಿನ ಕಾಟ ಕಡಿಮೆ. ರೊಟ್ಟಿ ಉಣ್ಣುವವರಿಗೆ ಇದು ಪುಣ್ಯವೇ. ಶೇಂಗಾದ ವಿಷ ಹೆಚ್ಚಾಗಿ ಹಿಂಡಿಯಲ್ಲಿ ಉಳಿದು, ಅದನ್ನು ತಿಂದ ದನದ ಹಾಲಿಗೂ ಬರುತ್ತದೆ. ಸಂಸ್ಕರಿಸಿದ ಎಣ್ಣೆಯಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ಗಾಣದ ಎಣ್ಣೆಯನ್ನು ಕಣ್ಣು ಮುಚ್ಚಿ ಹೊಗಳುವವರು ಗಾಣಕ್ಕೆ ಹಾಕಿದ ಕಾಳು ಎಂಥದೆಂದೂ ಕೇಳುವುದು ಒಳ್ಳೆಯದು.

ಪ್ರವೃತ್ತಿಯ ಪ್ರಶ್ನೆಗೆ 2007 ಮುಖ್ಯವಾದ ವರ್ಷ. ಹೆಪಟೈಟಿಸ್ ಬಿ ಲಸಿಕೆಯನ್ನು ಹತ್ತು ರಾಜ್ಯಗಳಿಗೆ ವಿಸ್ತರಿಸಿದ್ದು 2007-08ರಲ್ಲಿ, ಕರ್ನಾಟಕ ಅವುಗಳಲ್ಲೊಂದು. ಅದೇ ವರ್ಷದ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವೂ ಬಂತು. ಒಂದೇ ಅಂಗಕ್ಕೆ ಸಂಬಂಧಿಸಿದ ಈ ಎರಡು ನಿರ್ಧಾರಗಳ ಫಲ ಒಂದೇ ತೆರನಾಗಿರುವುದಿಲ್ಲ. ಲಸಿಕೆಯ ಫಲ ಖಚಿತ, ಆದರೆ ನಿಧಾನ. ತೈವಾನ್ 1984ರಲ್ಲಿ ಶುರುಮಾಡಿತು. 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಲಕ್ಷಕ್ಕೆ 0.70 ಇದ್ದದ್ದು 1990-94ರ ಹೊತ್ತಿಗೆ 0.36ಕ್ಕೆ ಇಳಿಯಿತು. ಮಕ್ಕಳಲ್ಲಿ ಈ ಕ್ಯಾನ್ಸರ್ ಮೊದಲೇ ವಿರಳ; ಸಾವು ಗುಂಪುಗಟ್ಟುವುದು ಐವತ್ತು ದಾಟಿದ ಮೇಲೆ. ನಮ್ಮಲ್ಲಿ ಲಸಿಕೆ ಪಡೆದ ಮೊದಲ ಮಕ್ಕಳಿಗೆ ಈಗಷ್ಟೇ ಮೀಸೆ ಮೂಡಿದೆ. ಅವರಿಂದಾಗುವ ಇಳಿಕೆ ಮರಣದ ಅಂಕಿಯಲ್ಲಿ ಕಾಣಬೇಕಾದರೆ 2050 ದಾಟಬೇಕು, ಅದೂ ಹುಟ್ಟಿದ 24 ಗಂಟೆಯೊಳಗಿನ ಡೋಸು ತಪ್ಪದಿದ್ದರೆ. ಸಾರಾಯಿಯ ಕತೆ ಬೇರೆ. ಪ್ಯಾಕೆಟ್ಟು ಹೋಯಿತು, ಅಗ್ಗದ ವಿಸ್ಕಿಯ ಪೌಚು ಬಂತು. ಯಕೃತ್ತು ಲೆಕ್ಕ ಇಡುವುದು ಆಲ್ಕೋಹಾಲಿನ ಗ್ರಾಮುಗಳನ್ನು, ಸೀಲಿನ ಮೇಲಿರುವ ಹೆಸರನ್ನಲ್ಲ.

ಹಾಗಾಗಿ ಮುಂದಿನ ಎರಡು ದಶಕದ ಪ್ರಮಾಣವನ್ನು ನಿರ್ಧರಿಸುವವರು 2007ಕ್ಕೆ ಮೊದಲು ಹುಟ್ಟಿದವರು. ಅವರಿಗೆ ಲಸಿಕೆ ಇಲ್ಲ, ಪರೀಕ್ಷೆ ಇದೆ: 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ತಪಾಸಣೆಯೂ ಮಾತ್ರೆಯೂ ಉಚಿತ. ಇದೇ ತಲೆಮಾರಿನಲ್ಲಿ ಸಕ್ಕರೆ ಕಾಯಿಲೆ, ಕೊಬ್ಬಿದ ಯಕೃತ್ತು ಎರಡೂ ಏರುತ್ತಿವೆ. 2023ರ ಐಸಿಎಂಆರ್ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳನ್ನು ಅಂದಾಜಿಸಿದೆ. ಕೊಬ್ಬಿದ ಯಕೃತ್ತಿನಲ್ಲಿ ಸಿರೋಸಿಸ್ಸಿನ ಮೆಟ್ಟಿಲು ಹತ್ತದೆಯೇ ಕ್ಯಾನ್ಸರ್ ಹುಟ್ಟಬಲ್ಲದು. ಹೊಟ್ಟೆ ಬಾತು, ಕಣ್ಣು ಹಳದಿಯಾಗಿ ಎಚ್ಚರಿಸುವ ಹಳೆಯ ಲಕ್ಷಣಗಳನ್ನು ಇಂಥ ರೋಗಿಯಲ್ಲಿ ಕಾಯುತ್ತ ಕೂತರೆ ತಡವಾಗುತ್ತದೆ. ನೀರಾವರಿಯ ಜಮಖಂಡಿ, ಮುಧೋಳಕ್ಕೂ ಒಣಬೇಸಾಯದ ಹುನಗುಂದ, ಬಾದಾಮಿಗೂ ನಡುವೆ ವ್ಯತ್ಯಾಸ ಮುಂದೆ ಮೂಡಿದರೆ, ಅದು ಹೆಪಟೈಟಿಸ್‌ಗಿಂತ ಹೆಚ್ಚಾಗಿ ಈ ಮಧುಮೇಹ ಮತ್ತು ಮದ್ಯದ ಗೆರೆಯ ಮೇಲೆಯೇ ಮೂಡುತ್ತದೆ ಎಂದು ನಾನು ಎಣಿಸುತ್ತೇನೆ. ಈ ಎಣಿಕೆಯನ್ನು ಒರೆಗೆ ಹಚ್ಚಲು ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಮೀರಜದ ಆಸ್ಪತ್ರೆಗಳ ನಮೂನೆ 4ಗಳನ್ನು ವಾಸದ ತಾಲ್ಲೂಕಿನಂತೆ ವಿಂಗಡಿಸಿ, ಸಿ22, ಮದ್ಯದಿಂದಾದ ಯಕೃತ್ತಿನ ರೋಗದ ಕೆ70, ಕೆ74 ಮೂರನ್ನೂ ಅಕ್ಕಪಕ್ಕ ಇಟ್ಟು, ಐದೈದು ವರ್ಷದ ಕಂತಿನಲ್ಲಿ ಓದಬೇಕು. ಸಿ22 ಒಂದನ್ನೇ ಬಿಡಿಯಾಗಿ ನೋಡಿದರೆ ಸಿಟಿ ಯಂತ್ರಗಳು ಹೆಚ್ಚಾದದ್ದಷ್ಟೇ ಕಂಡೀತು.