ಕಡತದಿಂದ ಕ್ಯೂಆರ್ ಚೀಟಿಯವರೆಗೆ: ಬಿಡದಿ ಸೀಮೆಯ ದಾಖಲೆ ಸಾಧನಗಳ ಬೆಳವಣಿಗೆ

ದುಡಿಮೆಯ ಲೆಕ್ಕವನ್ನು ಬರೆದಿಡಲು, ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಮತ್ತು ಬೇಕಾದಾಗ ತೆರೆದು ನೋಡಲು ಬಳಕೆಯಾಗುವ ಹಲಗೆ, ಹಾಳೆ, ಲೇಖನಿ, ಚೀಟಿ, ಕೀಲಿಮಣೆ ಹಾಗೂ ತಂತ್ರಾಂಶಗಳನ್ನು ಒಟ್ಟಾಗಿ ದಾಖಲೆ ಸಾಧನಗಳೆಂದು ಕರೆಯಬಹುದು. ಬಿಡದಿ ಕೈಗಾರಿಕಾ ಪ್ರದೇಶ ಮತ್ತು ಅದರ ಸುತ್ತಲಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಈ ಸಾಧನಗಳ ಹಲವು ತಲೆಮಾರುಗಳು ಅಕ್ಕಪಕ್ಕದಲ್ಲೇ ಬಳಕೆಯಲ್ಲಿವೆ; ಕಾರು ತಯಾರಿಕೆಯ ಸಾಲಿನಲ್ಲಿ ಸಂಕೇತ ಓದುವ ಯಂತ್ರ ನಡೆಯುತ್ತಿದ್ದರೆ, ಕೆಲವೇ ಮೈಲಿಗಳಾಚೆ ಅಂಗಡಿಯ ಸಾಲದ ಲೆಕ್ಕ ಉದ್ದನೆಯ ಪುಸ್ತಕದಲ್ಲಿ ಬಾಲ್ ಪೆನ್ನಿನಿಂದಲೇ ಮುಂದುವರಿಯುತ್ತದೆ. ಸಾಧನಗಳ ಈ ಬೆಳವಣಿಗೆಯನ್ನು ವೇಗದ ಅಳತೆಯಿಂದ ಮಾತ್ರ ನೋಡುವುದು ವಾಡಿಕೆ. ಆದರೆ ಬರೆದದ್ದನ್ನು ಅಳಿಸಬಲ್ಲವರು ಯಾರು, ಬರೆದದ್ದನ್ನು ಓದಬಲ್ಲವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದಾಗ, ಒಂದೊಂದು ಸಾಧನವೂ ಏಕೆ ಒಪ್ಪಿತವಾಯಿತು ಎಂಬುದು ಇನ್ನೂ ಸ್ಪಷ್ಟವಾಗುತ್ತದೆ.

ಕಡತ ಮತ್ತು ಓಲೆ

ಇಂದು ಸರ್ಕಾರಿ ಕಚೇರಿಗಳಲ್ಲಿ ‘ಫೈಲು’ ಎಂಬ ಅರ್ಥದಲ್ಲಿ ಬಳಕೆಯಾಗುವ ‘ಕಡತ’ ಎಂಬ ಮಾತು ಮೂಲದಲ್ಲಿ ಒಂದು ವಸ್ತುವಿನ ಹೆಸರು. ಹತ್ತಿಯ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿಯನ್ನು ಬಳಿದು ಒಣಗಿಸಿ, ಕಪ್ಪು ಹಲಗೆಯಂತೆ ಗಟ್ಟಿಯಾದ ಮೇಲೆ ಅದನ್ನು ಹಿಂದೆ ಮುಂದೆ ಮಡಿಸಿ ಪುಸ್ತಕದ ಆಕಾರಕ್ಕೆ ತರುತ್ತಿದ್ದರು. ಅದರ ಮೇಲೆ ಬರೆಯುತ್ತಿದ್ದುದು ಬಳಪದಿಂದ, ಅಂದರೆ ಮೆದುವಾದ ಬಳಪದ ಕಲ್ಲಿನ ಕಡ್ಡಿಯಿಂದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ಮೈಸೂರು ಇತಿಹಾಸ ಗ್ರಂಥದಲ್ಲಿ ಇಂತಹ ಕಡತವನ್ನು ವರ್ಣಿಸಿದ್ದಾರೆ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಈಗಲೂ ಮುಖ್ಯ ಆಕರಗಳಾಗಿವೆ.

ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು; ಆದುದರಿಂದ ದಿನದಿನಕ್ಕೂ ಬದಲಾಗುವ ಲೆಕ್ಕಕ್ಕೆ ಅದು ಹೊಂದುತ್ತಿತ್ತು. ಓಲೆಗರಿಯ ಗುಣ ಇದಕ್ಕೆ ವಿರುದ್ಧವಾದದ್ದು. ಕಂಟ ಎಂಬ ಕಬ್ಬಿಣದ ಮೊನೆಯಿಂದ ಗರಿಯ ಮೈಯನ್ನೇ ಕೊರೆದು, ಆ ಗೀರುಗಳಿಗೆ ಕಾಡಿಗೆಯನ್ನು ತುಂಬಿ ಒರೆಸಿದಾಗ ಮೂಡುವ ಅಕ್ಷರವನ್ನು ಅಳಿಸಬೇಕಾದರೆ ಗರಿಯನ್ನೇ ಕೆಡಿಸಬೇಕಾಗುತ್ತಿತ್ತು. ಹೀಗೆ ಉಳಿಯಬೇಕಾದ ಕಾವ್ಯ ಶಾಸ್ತ್ರಗಳಿಗೆ ಓಲೆ, ತಿದ್ದಬೇಕಾದ ವ್ಯವಹಾರಕ್ಕೆ ಕಡತ ಎಂಬ ವಿಭಜನೆ ಬಹುಮಟ್ಟಿಗೆ ಏರ್ಪಟ್ಟಿತು. ಹಳ್ಳಿಯ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಕೈಯಲ್ಲಿ ತಿದ್ದುವ ಅಧಿಕಾರವೂ ಓದುವ ಸಾಮರ್ಥ್ಯವೂ ಒಟ್ಟಿಗೆ ಇದ್ದುದರಿಂದ, ಓದು ಬಾರದ ರೈತನಿಗೆ ಸಾಧನಕ್ಕಿಂತ ಅದನ್ನು ಹಿಡಿದವರ ಮೇಲಿನ ನಂಬಿಕೆಯೇ ಆಧಾರವಾಗಿತ್ತು. ವಂಶಪಾರಂಪರ್ಯವಾಗಿ ಬಂದಿದ್ದ ಈ ಹುದ್ದೆಗಳನ್ನು ರದ್ದುಪಡಿಸಲು 1961ರಲ್ಲಿ ಪ್ರತ್ಯೇಕ ಕಾನೂನೇ ಬರಬೇಕಾಯಿತು.

ಕಾಗದ, ಶಾಯಿ ಮತ್ತು ಅರಗು

ಕಾಗದ ಮತ್ತು ಶಾಯಿ ಬಂದ ಮೇಲೆ ಅಳಿಸುವ ಕೆಲಸ ಕಷ್ಟವಾಯಿತು, ನಕಲು ತೆಗೆಯುವ ಕೆಲಸ ಸುಲಭವಾಯಿತು. ಇಂಗ್ಲೆಂಡಿನಲ್ಲಿ 1806ರಲ್ಲಿ ಹಕ್ಕುಪತ್ರ ಪಡೆದ ಕಾರ್ಬನ್ ಕಾಗದವು ಮುಂದೆ ಇಲ್ಲಿನ ಪೇಟೆಗಳಿಗೂ ಬಂದಾಗ, ಕೊಟ್ಟವರ ಬಳಿ ಒಂದು, ಕೊಂಡವರ ಬಳಿ ಒಂದು ಪ್ರತಿ ಉಳಿಯುವ ಪದ್ಧತಿ ಬೆಳೆಯಿತು. ಒಬ್ಬರು ಮಾತ್ರ ತಿದ್ದಿದರೆ ಇನ್ನೊಬ್ಬರ ಪ್ರತಿ ಅದನ್ನು ಹೊರಗೆಡಹುತ್ತದೆ ಎಂಬುದೇ ಈ ತೆಳುಹಾಳೆಯ ಬಲ.

ಸಂಸ್ಥಾನದ ಕಾಲದಲ್ಲಿ ಈ ಸಾಮಗ್ರಿಗಳು ನಾಡಿನಲ್ಲೇ ತಯಾರಾಗತೊಡಗಿದವು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ, ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ 1937ರಲ್ಲಿ ಸ್ಥಾಪನೆಯಾದವು. ಎರಡನೆಯದು ಲಕೋಟೆ ಮತ್ತು ಗಂಟುಗಳ ಮೇಲೆ ಮುದ್ರೆ ಒತ್ತುವ ಅರಗನ್ನು ತಯಾರಿಸುತ್ತಿತ್ತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ, ಸಿಲ್ವರ್ ನೈಟ್ರೇಟ್ ಬೆರೆತ ಅಳಿಸಲಾಗದ ಶಾಯಿಯೂ ಅಲ್ಲಿಂದಲೇ ಹೊರಬಂದಿತು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಕೇದಗೆಯ ಗರಿಯಿಂದ ಉಜ್ಜಿ ಹೊಳಪು ಕೊಡುವ ಗೊಂಬೆಗಳು ಪ್ರಸಿದ್ಧವಾಗಿವೆ. ಅದೇ ವಿಧಾನದಿಂದ ಅವರು ಮೇಜಿನ ಮೇಲಿಡುವ ಲೇಖನಿ ಪಾತ್ರೆಗಳನ್ನೂ ಪೆನ್ಸಿಲ್ಲಿನ ಅಲಂಕಾರಗಳನ್ನೂ ಮಾಡುತ್ತಾರೆ. ಹೀಗೆ ಅರಗು ಒಂದು ಕಡೆ ದಾಖಲೆಯ ಕಾವಲಾಗಿಯೂ ಇನ್ನೊಂದು ಕಡೆ ದಾಖಲೆಯ ಸಾಮಗ್ರಿಗೆ ಒಡವೆಯಾಗಿಯೂ ಈ ಸೀಮೆಯಲ್ಲಿ ಬಳಕೆಗೆ ಬಂದಿದೆ.

ಬೆರಳಚ್ಚಿನಿಂದ ಯೂನಿಕೋಡಿಗೆ

1963ರ ರಾಜ್ಯಭಾಷಾ ಅಧಿನಿಯಮದ ನಂತರ ಆಡಳಿತದಲ್ಲಿ ಕನ್ನಡ ಬಳಸಬೇಕೆಂಬ ನೀತಿಗೆ ತಕ್ಕ ಯಂತ್ರವೂ ಅಗತ್ಯವಾಯಿತು. ಇಂಗ್ಲಿಷಿಗಾಗಿ ರೂಪುಗೊಂಡ ಬೆರಳಚ್ಚು ಯಂತ್ರದ ಕೆಲವೇ ಕೀಲಿಗಳಲ್ಲಿ ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಕೂರಿಸುವುದು ಸುಲಭವಾಗಿರಲಿಲ್ಲ. ಅಕ್ಷರಗಳನ್ನು ತುಂಡುಗಳಾಗಿ ಒಡೆದು, ತಲೆಕಟ್ಟು, ಕೊಂಬು, ಒತ್ತುಗಳನ್ನು ಬೇರೆಬೇರೆಯಾಗಿ ಒತ್ತಿ ಜೋಡಿಸುವ ವಿನ್ಯಾಸದಿಂದ ಈ ತೊಡಕು ಬಿಡಿಸಿಕೊಂಡಿತು. ಕನ್ನಡ ಬೆರಳಚ್ಚು ಯಂತ್ರದ ಈ ವಿನ್ಯಾಸದೊಂದಿಗೆ ಕೆ. ಅನಂತ ಸುಬ್ಬರಾವ್ ಅವರ ಹೆಸರು ಸೇರಿಕೊಂಡಿದೆ.

ಗಣಕಯಂತ್ರದ ಕಾಲದಲ್ಲಿ ಕೆ.ಪಿ. ರಾವ್ ಬೇರೆಯೇ ದಾರಿ ಹಿಡಿದರು. ಅವರ ಕೀಲಿಮಣೆಯಲ್ಲಿ ಅಕ್ಷರದ ಆಕಾರಕ್ಕೆ ಬದಲಾಗಿ ಉಚ್ಚಾರಣೆಯೇ ಆಧಾರ. ವ್ಯಂಜನವನ್ನು ಒತ್ತಿ, ಅನಂತರ ಸ್ವರವನ್ನೋ ಒತ್ತಕ್ಷರವನ್ನೋ ಸೂಚಿಸಿದರೆ ಸರಿಯಾದ ರೂಪವನ್ನು ತಂತ್ರಾಂಶವೇ ಕಟ್ಟಿಕೊಡುತ್ತದೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶಗಳ ಮೂಲಕ ಕನ್ನಡ ಟೈಪಿಂಗ್ ಮನೆಮನೆಗೂ ಜೆರಾಕ್ಸ್ ಅಂಗಡಿಗಳಿಗೂ ತಲುಪಿತು. ಆದರೆ ಆಗಿನ ಅಕ್ಷರ ಸಂಕೇತಗಳು ಫಾಂಟನ್ನೇ ಅವಲಂಬಿಸಿದ್ದವು. ಒಂದು ಯಂತ್ರದಲ್ಲಿ ಅಚ್ಚುಕಟ್ಟಾಗಿ ಕಂಡ ಅರ್ಜಿ, ಆ ಫಾಂಟ್ ಇಲ್ಲದ ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಗುಂಪಾಗಿ ಕಾಣುತ್ತಿತ್ತು. ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಕೊಟ್ಟಿತ್ತಾದರೂ, 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಫಾಂಟ್ ಬಂದ ಮೇಲೆಯೇ ಸಾಮಾನ್ಯ ಬಳಕೆದಾರರಿಗೆ ಅದರ ಫಲ ಕಾಣತೊಡಗಿತು. 2017ರಲ್ಲಿ ಗೂಗಲ್ ಕನ್ನಡ ಧ್ವನಿ ಟೈಪಿಂಗ್ ಒದಗಿಸಿದಾಗ ಕೀಲಿಮಣೆಯೇ ಐಚ್ಛಿಕವಾಯಿತು.

ವಿಂಡೋಸ್ ಎಕ್ಸ್‌ಪಿ ಬಂದ ಅವಧಿಯಲ್ಲೇ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಯ ಜಾಗಕ್ಕೆ ಮುದ್ರಿತ ಪಹಣಿ ಬಂದಿತು. ದಾಖಲೆಯನ್ನು ಬದಲಿಸುವ ಅಧಿಕಾರಿ ಬೆರಳಚ್ಚಿನ ಗುರುತು ಕೊಟ್ಟೇ ಒಳಗೆ ಹೋಗಬೇಕಾಯಿತು. ಕಡತದಂತೆ ಇಲ್ಲಿಯೂ ಬರಹವನ್ನು ಅಳಿಸಬಹುದು, ಆದರೆ ಅಳಿಸಿದವರ ಗುರುತು ಅಳಿಯುವುದಿಲ್ಲ. ಶಾನುಭೋಗರ ಕಾಲದ ಪ್ರಶ್ನೆಗೆ ತಂತ್ರಾಂಶ ಕೊಟ್ಟ ಉತ್ತರ ಇದು.

ಕಾನ್‌ಬಾನ್: ತಿರುಗುವ ಚೀಟಿ

ಬಿಡದಿಯಲ್ಲಿ ದಾಖಲೆಯ ಇನ್ನೊಂದು ಪರಂಪರೆ ಜಪಾನಿನಿಂದ ಬಂದು ಸೇರಿತು. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ 1999ರ ಡಿಸೆಂಬರಿನಲ್ಲಿ ಇಲ್ಲಿ ಕ್ವಾಲಿಸ್ ವಾಹನದ ತಯಾರಿಕೆಯನ್ನು ಆರಂಭಿಸಿತು. 2010ರಲ್ಲಿ ಎರಡನೆಯ ಕಾರ್ಖಾನೆ ತೆರೆಯಿತು. ತೈಚಿ ಓನೊ ಟೊಯೋಟಾದಲ್ಲಿ ರೂಪಿಸಿದ ಉತ್ಪಾದನಾ ಪದ್ಧತಿಯ ಮುಖ್ಯ ಸಾಧನ ‘ಕಾನ್‌ಬಾನ್’. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ನಾಮಫಲಕ ಎಂಬ ಅರ್ಥವಿದೆ. ಕಾರ್ಖಾನೆಯಲ್ಲಿ ಅದು ಬಿಡಿಭಾಗಗಳ ಪೆಟ್ಟಿಗೆಯೊಂದಿಗೆ ಸಾಗುವ ಒಂದು ಚೀಟಿ. ಯಾವ ಭಾಗ, ಪೆಟ್ಟಿಗೆಗೆ ಎಷ್ಟು, ಎಲ್ಲಿಂದ, ಎಲ್ಲಿಗೆ ಎಂಬ ವಿವರ ಅದರಲ್ಲಿರುತ್ತದೆ. ಪೆಟ್ಟಿಗೆಯ ಭಾಗಗಳು ಬಳಕೆಗೆ ತೊಡಗಿದಾಗ ಚೀಟಿಯನ್ನು ಬಿಡಿಸಿ ಹಿಂದಿನ ಹಂತಕ್ಕೆ ಕಳುಹಿಸಲಾಗುತ್ತದೆ. ಚೀಟಿ ಬಂದಷ್ಟೇ ತಯಾರಿಸಬೇಕು, ಚೀಟಿ ಇಲ್ಲದೆ ತಯಾರಿಸಬಾರದು ಎಂಬುದು ನಿಯಮ. ಚಲಾವಣೆಯಲ್ಲಿರುವ ಚೀಟಿಗಳ ಸಂಖ್ಯೆಯನ್ನು ಮೀರಿ ದಾಸ್ತಾನು ಬೆಳೆಯುವಂತಿಲ್ಲವಾದ್ದರಿಂದ, ಇಲ್ಲಿ ಬರಹವು ಲೆಕ್ಕ ಹೇಳುವುದರ ಜೊತೆಗೆ ಕೆಲಸವನ್ನು ಆಳುತ್ತದೆ.

ಉಪಕರಣಗಳ ಆಯ್ಕೆ ಮತ್ತು ಓರಣಕ್ಕೂ ಈ ಪದ್ಧತಿಯಲ್ಲಿ ‘ಐದು ಎಸ್’ ಎಂಬ ಕ್ರಮವಿದೆ: ಬೇಕಾದುದು ಬೇಡವಾದುದರ ವಿಂಗಡಣೆಯಾದ ಸೇರಿ, ಒಪ್ಪ ಓರಣವಾದ ಸೇಟೋನ್, ಶುಚಿಗೊಳಿಸುವ ಸೇಸೋ, ಈ ಮೂರನ್ನೂ ಎಲ್ಲೆಡೆ ಒಂದೇ ಬಗೆಯಲ್ಲಿ ಪಾಲಿಸುವ ಸೇಕೆತ್ಸು ಮತ್ತು ಶಿಸ್ತೆಂಬ ಶಿತ್ಸುಕೆ. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನು ಗೆರೆಯಿಂದ ಗುರುತಿಸಿಟ್ಟಾಗ, ಖಾಲಿಯಾದ ಆಕಾರವೇ ಯಾವ ಉಪಕರಣ ಕಾಣೆಯಾಗಿದೆಯೆಂದು ಹೇಳುತ್ತದೆ. ಅದನ್ನು ತಿಳಿಯಲು ಯಾವ ಭಾಷೆಯ ಓದೂ ಬೇಕಾಗಿಲ್ಲ. ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ವಿದ್ಯಾರ್ಥಿಗಳಿಗಾಗಿ 2007ರಲ್ಲಿ ಬಿಡದಿಯಲ್ಲಿ ಆರಂಭವಾದ ತಾಂತ್ರಿಕ ತರಬೇತಿ ಸಂಸ್ಥೆಯಂತಹ ಕಡೆಗಳಿಂದ ಈ ಶಿಸ್ತು ಹೊಸ ತಲೆಮಾರಿಗೆ ದಾಟುತ್ತದೆ.

ಕಾರ್ಖಾನೆಯಿಂದ ಪೇಟೆಗೆ

ಬಿಡಿಭಾಗಗಳ ಬಗೆ ಹೆಚ್ಚಿದಂತೆ, ಸುಮಾರು ಇಪ್ಪತ್ತು ಅಕ್ಷರಗಳನ್ನಷ್ಟೇ ಹಿಡಿಯಬಲ್ಲ ಗೆರೆಸಂಕೇತ, ಅಂದರೆ ಬಾರ್‌ಕೋಡ್, ಸಾಲದಾಯಿತು. ಟೊಯೋಟಾ ಬಳಗದ ಡೆನ್ಸೊ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಅವರ ತಂಡ 1994ರಲ್ಲಿ ರೂಪಿಸಿದ ಚೌಕಾಕಾರದ ಕ್ಯೂಆರ್ ಸಂಕೇತ 7,089 ಅಂಕಿಗಳವರೆಗೆ ಹಿಡಿಯಬಲ್ಲದು. ಎಣ್ಣೆ, ಕೊಳೆ ತಾಗಿ ಶೇಕಡಾ 30ರವರೆಗೆ ಕೆಟ್ಟರೂ ಓದಿಸಿಕೊಳ್ಳುವಂತೆ ಅದನ್ನು ರೂಪಿಸಬಹುದು. ಹಕ್ಕುಪತ್ರವಿದ್ದರೂ ಅದರ ಬಳಕೆಗೆ ಶುಲ್ಕ ಕೇಳದಿದ್ದುದರಿಂದ ಸಂಕೇತ ಕಾರ್ಖಾನೆಯ ಗೋಡೆ ದಾಟಿತು. 2016ರಲ್ಲಿ ಯುಪಿಐ ಪಾವತಿ ವ್ಯವಸ್ಥೆ ಆರಂಭವಾದ ಬಳಿಕ, ಕಾರಿನ ಬಿಡಿಭಾಗಕ್ಕಾಗಿ ಹುಟ್ಟಿದ ಈ ಚೌಕ ಮೈಸೂರು ರಸ್ತೆಯ ಗೊಂಬೆ ಅಂಗಡಿಗಳಲ್ಲೂ ಎಳನೀರಿನ ಗಾಡಿಗಳಲ್ಲೂ ನೇತಾಡತೊಡಗಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ಕೂಗಿ ನಡೆಸುತ್ತಿದ್ದ ಹರಾಜಿನ ಸ್ಥಾನಕ್ಕೆ, ನೂಲು ಬಿಚ್ಚುವ ರೀಲರುಗಳು ಮೊಬೈಲಿನಲ್ಲಿ ಬೆಲೆ ನಮೂದಿಸುವ ಇ-ಹರಾಜು ಬಂದಿದೆ.

ಕ್ಯೂಆರ್ ಸಂಕೇತದೊಂದಿಗೆ ದಾಖಲೆಯ ಇತಿಹಾಸ ಒಂದು ವಿಚಿತ್ರ ತಿರುವಿಗೆ ಬಂದಿದೆ. ಕಡತವನ್ನು ಓದಲು ಅಕ್ಷರ ಬಲ್ಲವರಾದರೂ ಸಾಕಾಗಿತ್ತು. ಈ ಚೌಕವನ್ನು ಎಂತಹ ವಿದ್ವಾಂಸರೂ ಬರಿಗಣ್ಣಿನಿಂದ ಓದಲಾರರು. ಸಂತೆಯ ವ್ಯಾಪಾರಿಗಳು ಅದನ್ನು ಪೂರ್ತಿಯಾಗಿ ನಂಬಿದ್ದು, ಬಂದ ಹಣವನ್ನು ಕನ್ನಡದಲ್ಲಿ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯೊಂದು ಅದರ ಪಕ್ಕಕ್ಕೆ ಬಂದು ಕುಳಿತ ಮೇಲೆ. ಯಂತ್ರ ಓದುವ ಗುರುತಿನ ಜೊತೆಗೆ ಮನುಷ್ಯನಿಗೆ ತಿಳಿಯುವ ಮಾತೂ ಇರಬೇಕೆಂಬುದನ್ನು ಪೇಟೆ ತನ್ನ ಅನುಭವದಿಂದಲೇ ಕಂಡುಕೊಂಡಿತು. ಕಾರ್ಖಾನೆಯ ಚೀಟಿ, ಮಾರುಕಟ್ಟೆಯ ತೂಕಪಟ್ಟಿ, ಕಚೇರಿಯ ಇ-ಕಡತಗಳನ್ನು ರೂಪಿಸುವವರು ಇದೇ ಪಾಠವನ್ನು ಅನುಸರಿಸಿ, ಪ್ರತಿ ಸಂಕೇತದ ಕೆಳಗೆ ಒಂದು ಸಾಲು ತಿಳಿಗನ್ನಡವನ್ನು ಮುದ್ರಿಸುವುದು ಅಗತ್ಯ.