ಕಳ್ಳಿಯ ಮೇಲಣ ಬಿಳಿಯ ಹತ್ತಿ

ಕುಂಡದಲ್ಲಿ ಬೆಳೆಸಿದ ಪಾಪಾಸುಕಳ್ಳಿಯ ದಪ್ಪ ಹಾಳೆಗಳ ಮೇಲೆ, ಅಂದರೆ ಲೋಕವೆಲ್ಲ ಎಲೆಯೆಂದೂ ಸಸ್ಯಶಾಸ್ತ್ರಜ್ಞರು ಮಾತ್ರ ಕಾಂಡವೆಂದೂ ಕರೆಯುವ ಆ ಹಾಳೆಗಳ ಮೇಲೆ, ಹತ್ತಿಯ ಎಳೆಯಂತಹ ಬಿಳಿಯ ಚುಕ್ಕೆಗಳು ಕಾಣಿಸಿಕೊಂಡು ಗಿಡವು ದಿನೇ ದಿನೇ ಹಳದಿಗಟ್ಟಿ ಸೊರಗತೊಡಗಿದರೆ, ಅದನ್ನು ಬೂಷ್ಟೆಂದೋ ಹಿಟ್ಟುತಿಗಣೆಯೆಂದೋ ನಿರ್ಣಯಿಸುವುದಕ್ಕೆ ಮುನ್ನ ಆ ಬಿಳುಪನ್ನು ಕಡ್ಡಿಯೊಂದರಿಂದ ಅದುಮಿ ನೋಡುವುದು ಲೇಸು. ರಕ್ತವರ್ಣದ ರಸ ಒಸರಿತೆಂದರೆ ಅದು ಕಿರಮಂಜಿಯ ಹುಳು. ಮೇಣದ ಮುಸುಕಿನ ಮರೆಯಲ್ಲಿ, ಕುಳಿತ ಸ್ಥಳದಿಂದ ಕದಲದೆ ರಸ ಹೀರುತ್ತಿರುವ ಹೆಣ್ಣುಹುಳು.

ನಮಗೆ ವ್ಯಾಧಿಯೆಂದು ತೋರುವ ಈ ಲಕ್ಷಣವೇ ಮೆಕ್ಸಿಕೋ ದೇಶದ ಓಹಾಕಾ ಪ್ರಾಂತದ ಕೃಷಿಕರಿಗೆ ಸಮೃದ್ಧಿಯ ಚಿಹ್ನೆಯಾಗಿತ್ತು. ಅವರು ಕಳ್ಳಿಯನ್ನು ನೆಟ್ಟು, ಹುಳುವನ್ನು ಸಾಕಿ, ಒಣಗಿಸಿ ಮಾರಿದ ಕೆಂಪು ಬಣ್ಣವು ಸ್ಪೇನಿನ ಬೊಕ್ಕಸವನ್ನು ತುಂಬಿತು. ಆ ಒಣಗಿದ ಕಾಳು ಬೀಜವೋ ಕೀಟವೋ ಎಂಬುದನ್ನೇ ತಿಳಿಯದೆ ಯೂರೋಪಿನ ಪಂಡಿತರು ಬಹುಕಾಲ ವಾದಿಸಿದರು. 1777ರಲ್ಲಿ ತಿಯೆರಿ ದ ಮೆನೊನ್ವಿಲ್ ಎಂಬ ಫ್ರೆಂಚ್ ಸಸ್ಯಜ್ಞನು ಹುಳು ಹತ್ತಿದ ಕಳ್ಳಿಯನ್ನು ಓಹಾಕಾದಿಂದ ಗುಟ್ಟಾಗಿ ಸಾಗಿಸಿದನು. ಕಳ್ಳಿಯನ್ನು ಕದಿಯುವುದಕ್ಕೂ ಮನುಷ್ಯನಿಗೆ ಆಸೆಯಾದ ಕಾಲವದು!

ಈಸ್ಟ್ ಇಂಡಿಯಾ ಕಂಪನಿಯೂ ಅದೇ ಆಸೆಗೆ ಒಳಗಾಯಿತು. ಮದರಾಸಿನಲ್ಲಿ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ನನು 1786ರಿಂದ ಲಂಡನ್ನಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸನಿಗೆ ಕಿರಮಂಜಿಯ ವಿಷಯವಾಗಿ ಪತ್ರಗಳನ್ನು ಬರೆದು, ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ನಿರ್ಮಿಸಿದನು. ಹುಳುವು ಮಾತ್ರ 1795ರಲ್ಲಿ, ನೀಲ್ಸನ್ ಎಂಬ ಕ್ಯಾಪ್ಟನ್ನನ ಮೂಲಕ ಬ್ರೆಜಿಲಿನಿಂದ ಕಲ್ಕತ್ತೆಗೆ ಬಂದಿಳಿಯಿತು. ಆದರೆ ಬಂದುದು ಸಾಕಿದ ತಳಿಯಾಗಿರದೆ ಕಾಡುಜಾತಿಯಾಗಿದ್ದುದರಿಂದ ಬಣ್ಣವು ಕೀಳಾಯಿತು, ವ್ಯಾಪಾರವು ನೆಲಕಚ್ಚಿತು. ಹುಳು ಮಾತ್ರ ತನ್ನ ಕೆಲಸವನ್ನು ಬಿಡಲಿಲ್ಲ: ಒಂದು ಜಾತಿಯ ಪಾಪಾಸುಕಳ್ಳಿಯನ್ನು ಕಂಡಕಂಡಲ್ಲಿ ತಿಂದು ಬಯಲುಮಾಡಿತು. ಬಣ್ಣಕ್ಕೆಂದು ತಂದುದು ಕಳೆನಾಶಕ್ಕೆ ಒದಗಿತೆಂಬುದನ್ನು ಕಂಡ ಮೇಲೆ, 1860ರ ದಶಕದಲ್ಲಿ ಅದನ್ನು ಉದ್ದೇಶಪೂರ್ವಕವಾಗಿಯೇ ಸಿಂಹಳಕ್ಕೆ ಒಯ್ದರು.

ಬೇಲಿಗೆಂದು ನೆಟ್ಟು ಹೊಲಗಳನ್ನೂ ಗೋಮಾಳಗಳನ್ನೂ ನುಂಗುತ್ತಿದ್ದ ಮತ್ತೊಂದು ಜಾತಿಯ ಕಳ್ಳಿಯನ್ನು ಈ ಹುಳು ಮೂಸಿಯೂ ನೋಡಲಿಲ್ಲ. ಅದಕ್ಕೆ ಬೇರೆ ವೈದ್ಯನೇ ಬೇಕಾಯಿತು. 1926ರಲ್ಲಿ ಸಿಂಹಳದಿಂದ ದಕ್ಷಿಣ ಭಾರತಕ್ಕೆ ತಂದ, ಈ ಹುಳುವಿನ ದಾಯಾದಿಯಾದ ಕೀಟವು ಕೆಲವೇ ವರ್ಷಗಳಲ್ಲಿ ಮುಳ್ಳುಕಾಡುಗಳನ್ನು ಕೊಳೆಯಿಸಿ ಕೆಡವಿತು. ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರಾಗಿದ್ದ ಕುಂಞಿಕಣ್ಣನ್ ಅವರು ಇಲ್ಲಿ ಕೀಟಗಳಿಂದ ಕಳ್ಳಿಯನ್ನು ಹತೋಟಿಗೆ ತಂದ ಬಗೆಯನ್ನು 1930ರಲ್ಲಿ ಬರೆದು ಪ್ರಕಟಿಸಿದರು. ಹುಳುವಿಗೂ ಕಳ್ಳಿಗೂ ಇರುವ ಈ ಜಾತಿನಿಷ್ಠೆಯಿಂದಾಗಿ, ರೋಗವನ್ನು ಹೆಸರಿಸುವುದಕ್ಕೆ ಮೊದಲು ಗಿಡವನ್ನೇ ಸರಿಯಾಗಿ ಗುರುತಿಸಬೇಕಾಗುತ್ತದೆ.

ಕುಂಡದ ಕಳ್ಳಿಗಾದರೋ ಇಷ್ಟು ದೊಡ್ಡ ದಂಡಯಾತ್ರೆ ಬೇಡ. ಸೋಪಿನ ನೀರೂ ಹಳೆಯ ಬ್ರಷ್ಷೊಂದೂ ಸಾಕು, ಉಜ್ಜಿದ ಬ್ರಷ್ಷು ಮಾತ್ರ ಕೆಂಪಾಗಿ ಉಳಿಯುತ್ತದೆ.